'ಧೈರ್ಯ ತಗೋರಿ' ಅಂದ್ರೆ ಸಾಕಾ? ಕ್ಯಾನ್ಸರ್ ಚಿಕಿತ್ಸೆ ವೇಳೆ ನಿಜವಾಗಿ ಬೇಕಾದ ಆಸರೆ ಯಾವುದು?

ಬಸ್ಸಲ್ಲಿ ಕೂತಿದ್ದೀರೋ, ಹೊಲದ ಬದುವಿನ ಮೇಲೆ ಇಯರ್‌ಫೋನ್ ಹಾಕ್ಕೊಂಡಿದ್ದೀರೋ, ಒಂದೆಂಟು ನಿಮಿಷ ನನ್ ಜೊತೆ ಇರಿ. ಇವತ್ತಿನ ವಿಷಯ ಸ್ವಲ್ಪ ಭಾರದ್ದು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಈ ಕಾಯಿಲೆಯ ಹೆಸರು ಹೇಳೋಕೂ ಜನ ಹಿಂಜರಿಯುತ್ತಾರೆ. 'ಗಂಟು' ಅಂತಾರೆ, 'ದೊಡ್ಡ ಬ್ಯಾನಿ' ಅಂತಾರೆ. ಕ್ಯಾನ್ಸರ್ ಅಂತ ಬಾಯಿಬಿಟ್ಟು ಹೇಳಲ್ಲ.

ಸುದ್ದಿ ಗೊತ್ತಾದ ಮೇಲೆ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳ್ತಾರೆ. "ಧೈರ್ಯ ತಗೋರಿ, ಏನೂ ಆಗಂಗಿಲ್ಲ. ಮನಸ್ಸು ಗಟ್ಟಿ ಇದ್ರ ಅರ್ಧ ರೋಗ ಹಂಗೇ ಹೋಕ್ಕೈತಿ." ಹೇಳುವವರ ಮನಸ್ಸು ಒಳ್ಳೆಯದೇ, ನನಗೆ ಅನುಮಾನ ಇಲ್ಲ. ಆದ್ರೆ ಹಾಸಿಗೆಯಲ್ಲಿ ಮಲಗಿದವರ ಕಿವಿಗೆ ಇದು ಹೇಗೆ ಕೇಳಿಸುತ್ತೆ? 'ನಾನು ಅತ್ತರೆ ರೋಗ ಜಾಸ್ತಿ ಆಗುತ್ತೆ. ವಾಸಿ ಆಗ್ಲಿಲ್ಲ ಅಂದ್ರೆ ತಪ್ಪು ನಂದೇ.' ರೋಗದ ಜೊತೆಗೆ ನಗುವ ಕೆಲಸವನ್ನೂ ಅವರ ತಲೆ ಮೇಲೇ ಹಾಕಿದ ಹಾಗಾಯ್ತು.

ಮನಸ್ಸು ಗಟ್ಟಿಯಿದ್ರೆ ಗಡ್ಡೆ ಕರಗುತ್ತಾ?

ನೇರವಾಗಿ ಹೇಳ್ತೀನಿ: ಇಲ್ಲ. ಅಮೆರಿಕದಲ್ಲಿ ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್ ಇದ್ದ 1,093 ರೋಗಿಗಳ ಮಾಹಿತಿ ನೋಡಿ, 2007ರಲ್ಲಿ ಒಂದು ಅಧ್ಯಯನ ಪ್ರಕಟವಾಯ್ತು. ಮಾನಸಿಕವಾಗಿ ಚೆನ್ನಾಗಿದ್ದವರು ಹೆಚ್ಚು ದಿನ ಬದುಕಿದ್ರಾ ಅನ್ನೋದೇ ಪ್ರಶ್ನೆ. ಅಂಥ ಸಂಬಂಧ ಕಂಡುಬರಲಿಲ್ಲ.

ಇದು ಕೆಟ್ಟ ಸುದ್ದಿ ಅನ್ನಿಸಬಹುದು. ನನಗೆ ಇದು ಬಿಡುಗಡೆಯ ಸುದ್ದಿ. ಅಳು ಬಂದ್ರೆ ಅಳಬಹುದು. ಹೆದರಿಕೆ ಆದ್ರೆ ಆಗ್ತಿದೆ ಅನ್ನಬಹುದು. ಒಂದು ದಿನ ಕುಗ್ಗಿ ಕೂತ ಮಾತ್ರಕ್ಕೆ ಔಷಧ ಕೆಲಸ ಮಾಡೋದು ನಿಲ್ಲಿಸಲ್ಲ.

ಹಾಗಾದ್ರೆ ಆಸರೆ ಬೇಡವಾ? ಬೇಕೇ ಬೇಕು. ದೇಹದ ಬೇರೆ ಕಡೆಗೂ ಹರಡಿದ್ದ ಸ್ತನ ಕ್ಯಾನ್ಸರ್‌ನ 235 ಮಹಿಳೆಯರ ಮೇಲೆ ಕೆನಡಾದಲ್ಲಿ ನಡೆದ ಅಧ್ಯಯನ 2001ರಲ್ಲಿ ಬಂತು. ವಾರಕ್ಕೊಮ್ಮೆ ಒಟ್ಟಿಗೆ ಕೂತು ಮನಸ್ಸು ಬಿಚ್ಚಿ ಮಾತಾಡಿದ ಗುಂಪಿನವರ ಆಯಸ್ಸು ಅದರಿಂದ ಹೆಚ್ಚಲಿಲ್ಲ. ಆದ್ರೆ ಅವರ ಮನಸ್ಸು ಹಗುರ ಆಯ್ತು, ನೋವಿನ ಕಾಟ ಕಡಿಮೆ ಅನ್ನಿಸ್ತು. ಇರೋ ದಿನಗಳು ಸಹಿಸುವ ಹಾಗಾದ್ರೆ ಅದೇನು ಸಣ್ಣ ವಿಷಯ ಅಲ್ಲ, ಅಲ್ವಾ?

ನಗು ತಪ್ಪಿದ್ರೂ ಪರವಾಗಿಲ್ಲ, ತಾರೀಕು ತಪ್ಪಬಾರದು

ಮನಸ್ಸಿನ ಬೇಜಾರಿಗಿಂತ ನಾವು ಹೆದರಬೇಕಾದ್ದು ಇನ್ನೊಂದಕ್ಕೆ: ಚಿಕಿತ್ಸೆ ಅರ್ಧಕ್ಕೆ ಬಿಡೋದು.

ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಕೊಡುವ ರೇಡಿಯೇಷನ್ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುತ್ತೆ. ಮಧ್ಯೆ ದಿನ ತಪ್ಪಿದ್ರೆ ಉಳಿದ ಕ್ಯಾನ್ಸರ್ ಕೋಶಗಳಿಗೆ ಮತ್ತೆ ಬೆಳೆಯೋಕೆ ಸಮಯ ಸಿಗುತ್ತೆ. ಅದಕ್ಕೇ ಡಾಕ್ಟರು 'ಗ್ಯಾಪ್ ಮಾಡಬೇಡಿ' ಅಂತ ಒತ್ತಿ ಹೇಳೋದು.

ಈಗ ಲೆಕ್ಕ ಹಾಕಿ. ಗೋಕಾಕದಿಂದ ಬೆಳಗಾವಿಗೆ ಸುಮಾರು 65 ಕಿಲೋಮೀಟರ್. ಹೋಗಿ ಬರೋಕೆ 130. ದಿನಾ ಊರಿಂದಲೇ ಓಡಾಡ್ತೀನಿ ಅಂದ್ರೆ 30 ಸಲಕ್ಕೆ 3,900 ಕಿಲೋಮೀಟರ್! ಹುಕ್ಕೇರಿಯವರಿಗೆ ಸ್ವಲ್ಪ ಹತ್ತಿರ, ಮೂಡಲಗಿಯವರಿಗೆ ಇನ್ನೂ ದೂರ. ಬಾಯೆಲ್ಲ ಹುಣ್ಣಾಗಿ, ನೀರು ನುಂಗೋಕೂ ಆಗದ ಮನುಷ್ಯ ಈ ದಾರಿ ಒಬ್ಬನೇ ಸವೆಸೋಕಾಗುತ್ತಾ? ಅದೂ ಕಬ್ಬು ಕಡಿಯೋ ಸೀಸನ್‌ನಲ್ಲಿ, ಮನೆಯಲ್ಲಿ ಒಬ್ಬರಿಗೂ ಬಿಡುವಿಲ್ಲದಾಗ?

ಆಸರೆ ಅಂತ ನಾನು ಕರೆಯೋದು ಇದನ್ನೇ. ಯಾರು ಯಾವ ದಿನ ಜೊತೆಗೆ ಹೋಗ್ತಾರೆ ಅನ್ನೋ ಪಾಳಿ. ಮನೆಯ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಗುಡ್ ಮಾರ್ನಿಂಗ್ ಹೂವಿನ ಬದಲು ಆ ಪಾಳಿಯ ಪಟ್ಟಿ ಹಾಕಿ. ಸೋಮವಾರ ಅಣ್ಣ, ಮಂಗಳವಾರ ಅಳಿಯ, ಬುಧವಾರ ನೀವು.

ಮೊಬೈಲ್ ಇರೋರು ಮಾಡಬಹುದಾದ ಕೆಲಸ

ಮನೆಯಲ್ಲಿ ಸ್ಮಾರ್ಟ್‌ಫೋನ್ ಚೆನ್ನಾಗಿ ಬಳಸೋರು ನೀವೇ. ಹಾಗಾಗಿ ಈ ಕೆಲಸಗಳು ನಿಮ್ಮವು.

ಮೊದಲು, ದುಡ್ಡಿನ ದಾರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿವರೆಗೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತೆ. ಯೋಜನೆ ಇರುವ ಆಸ್ಪತ್ರೆಗಳಲ್ಲಿ 'ಆರೋಗ್ಯ ಮಿತ್ರ' ಅಂತ ಸಿಬ್ಬಂದಿ ಇರ್ತಾರೆ. ಚಿನ್ನ ಅಡ ಇಡೋ ಮೊದಲು, ಹೊಲ ಮಾರೋ ಮೊದಲು ಅವರನ್ನ ಹುಡುಕಿ, ಮಾತಾಡಿ.

ಎರಡನೆಯದು, ರೈಲು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ಶೇ 75 ರಿಯಾಯಿತಿ. ಆಸ್ಪತ್ರೆಯ ಡಾಕ್ಟರು ಸಹಿ ಮಾಡಿದ ನಮೂನೆ ಬೇಕು. ಘಟಪ್ರಭಾ ಸ್ಟೇಷನ್‌ನಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದ್ರೆ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ಮೂರೂ ಒಂದೇ ದಾರಿಯಲ್ಲಿ ಸಿಗುತ್ತವೆ. ಹುಬ್ಬಳ್ಳಿ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಇದೆ. ಬೆಳಗಾವಿಯಲ್ಲೇ ಕೆಎಲ್‌ಇ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು 2025ರ ಜನವರಿ 3ರಂದು ಉದ್ಘಾಟಿಸಿದ್ರು. ಯಾವ ಆಸ್ಪತ್ರೆಯಲ್ಲಿ ಯಾವ ಯೋಜನೆ ನಡೆಯುತ್ತೆ ಅಂತ ಹೊರಡೋ ಮೊದಲೇ ಫೋನ್ ಮಾಡಿ ಕೇಳ್ಕೊಳ್ಳಿ.

ಮೂರನೆಯದು, ರಿಪೋರ್ಟ್‌ಗಳು. ಎಲ್ಲಾ ಕಾಗದಗಳ ಫೋಟೊ ತೆಗೆದು ದಿನಾಂಕದ ಪ್ರಕಾರ ಒಂದೇ ಫೋಲ್ಡರ್‌ನಲ್ಲಿ ಇಡಿ. ಡಾಕ್ಟರನ್ನ ಕೇಳಬೇಕಾದ ಪ್ರಶ್ನೆಗಳನ್ನ ಹಿಂದಿನ ರಾತ್ರಿಯೇ ಬರೆದಿಡಿ. ಒಳಗೆ ಹೋದಾಗ ಗಾಬರಿಯಲ್ಲಿ ಅರ್ಧ ಮರೆತೇ ಹೋಗುತ್ತೆ.

ನಾಲ್ಕನೆಯದು, ಜ್ವರ. ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ್ರೆ ಮಾತ್ರೆ ಕೊಟ್ಟು ಬೆಳಗಾಗ್ಲಿ ಅಂತ ಕಾಯಬೇಡಿ. ಬಿಳಿ ರಕ್ತಕಣ ಕಡಿಮೆ ಆಗಿರೋ ಹೊತ್ತಲ್ಲಿ ಸೋಂಕು ಬೇಗ ಏರುತ್ತೆ. ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ, ರಾತ್ರಿ ಎರಡು ಗಂಟೆಯಾದ್ರೂ ಸರಿ.

ಐದನೆಯದು, ಫಾರ್ವರ್ಡ್. 'ಈ ಹಣ್ಣು ತಿಂದ್ರೆ ಕ್ಯಾನ್ಸರ್ ಮಾಯ' ಅನ್ನೋ ಮೆಸೇಜ್ ನಿಮ್ಮ ಫೋನಲ್ಲೇ ನಿಲ್ಲಲಿ. ರೋಗಿಯವರೆಗೆ ಹೋಗೋದು ಬೇಡ.

ನೋಡೋಕೆ ಹೋದಾಗ

ಗೋಕಾಕದವರು ಕೈ ಬೀಸ್ಕೊಂಡು ಹೋಗಲ್ಲ, ಕರದಂಟು ತಗೊಂಡೇ ಹೋಗ್ತಾರೆ. ಆದ್ರೆ ರೇಡಿಯೇಷನ್‌ನಿಂದ ಬಾಯಿ ಹುಣ್ಣಾದವರು ಕರದಂಟು ಅಗಿಯೋದು ಹೇಗೆ? 'ಏನು ನುಂಗೋಕಾಗುತ್ತೆ?' ಅಂತ ಮೊದಲು ಕೇಳಿ. ತಣ್ಣಗಾದ ಗಂಜಿಯೋ, ಮೆತ್ತಗಿನ ಅನ್ನವೋ ಮಾಡ್ಕೊಂಡು ಹೋಗಿ.

'ಯಾಕ ಬಂತು? ತಂಬಾಕು ತಿಂತಿದ್ರೇನು?' ಅಂತ ಕೇಳಬೇಡಿ. ಅವರು ಆ ಪ್ರಶ್ನೆಯನ್ನ ತಮಗೇ ನೂರು ಸಲ ಕೇಳ್ಕೊಂಡಿರ್ತಾರೆ. ತಟ್ಟೆ, ಲೋಟ ಬೇರೆ ಇಡೋದೂ ಬೇಡ. ಕ್ಯಾನ್ಸರ್ ಮುಟ್ಟಿದ್ರೆ ಅಂಟೋ ರೋಗ ಅಲ್ಲ. 'ಬಾಯಿ ನೋವಿದ್ರ ಮಾತಾಡಬ್ಯಾಡ್ರಿ, ನಾ ಸುಮ್ನ ಕುಂಡ್ರತೀನಿ' ಅನ್ನಿ. 'ಧೈರ್ಯ ತಗೋರಿ' ಅನ್ನೋದಕ್ಕಿಂತ ಇದು ಹೆಚ್ಚು ಧೈರ್ಯ ಕೊಡುತ್ತೆ.

ಮನಸ್ಸಿಗೂ, ನೋವಿಗೂ ಚಿಕಿತ್ಸೆ ಇದೆ

ಎರಡು ವಾರ ಆದ್ರೂ ನಿದ್ದೆ ಇಲ್ಲ, ಊಟ ಬೇಡ, ಯಾರ ಜೊತೆಗೂ ಮಾತು ಬೇಡ ಅಂದ್ರೆ ಅದನ್ನ ಸೋಮಾರಿತನ ಅಂತ ತಿಳೀಬೇಡಿ. ಖಿನ್ನತೆ ಇರಬಹುದು. ಡಾಕ್ಟರಿಗೆ ಹೇಳಿ, ಅಥವಾ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ. ರೋಗಿ ಮಾತ್ರ ಅಲ್ಲ, ನೋಡ್ಕೊಳ್ಳೋರೂ ಕರೆ ಮಾಡಬಹುದು. ಎಷ್ಟೋ ಮನೆಗಳಲ್ಲಿ ನೋಡ್ಕೊಳ್ಳೋ ಹೆಂಗಸಿಗೆ ತನ್ನ ಊಟ, ತನ್ನ ಬಿಪಿ ಮಾತ್ರೆ ನೆನಪಿರಲ್ಲ.

ನೋವು ತಾಳಲಾಗದಿದ್ರೆ 'ಪ್ಯಾಲಿಯೇಟಿವ್ ಕೇರ್ ಇದೆಯಾ?' ಅಂತ ಕೇಳಿ. ಅದು ಕೊನೇ ದಿನಗಳಿಗೆ ಮಾತ್ರ ಅನ್ನೋದು ತಪ್ಪು ತಿಳಿವಳಿಕೆ. ಹರಡಿದ ಶ್ವಾಸಕೋಶ ಕ್ಯಾನ್ಸರ್‌ನ 151 ರೋಗಿಗಳ ಮೇಲೆ ಅಮೆರಿಕದ ಬಾಸ್ಟನ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶುರುವಿನಿಂದಲೇ ಈ ಆರೈಕೆ ಪಡೆದವರಲ್ಲಿ ಖಿನ್ನತೆ ಕಡಿಮೆ ಇತ್ತು, ಜೀವನದ ಗುಣಮಟ್ಟ ಚೆನ್ನಾಗಿತ್ತು.

ಕೊನೆಗೆ ಒಂದೇ ಮಾತು. ನಿಮ್ಮ ಓಣಿಯಲ್ಲಿ ಯಾರಿಗಾದ್ರೂ ಚಿಕಿತ್ಸೆ ನಡೀತಿದ್ರೆ ಇವತ್ತು ಸಂಜೆ ಫೋನ್ ಮಾಡಿ, 'ಮುಂದಿನ ತಾರೀಕು ಯಾವಾಗ? ನಾ ಜೊತಿಗೆ ಬರ್ತೀನಿ' ಅನ್ನಿ. ಈ ಸಂಚಿಕೆ ಉಪಯೋಗ ಆಗುತ್ತೆ ಅನ್ನಿಸಿದ್ರೆ ಮನೆಯ ಗ್ರೂಪ್‌ಗೆ ಕಳಿಸಿ.