ಎಂಎಸ್-ಡಾಸ್: ಒಂದು ಕರಾರಿನಿಂದ ಬೆಳೆದ ತಂತ್ರಾಂಶ

ಗಣಕಯಂತ್ರ ಕೊಳ್ಳುವಾಗ ವರ್ತಕರು ಪರದೆ, ಡಿಸ್ಕು, ಮುದ್ರಕಗಳ ಬೆಲೆಯನ್ನು ಚೌಕಾಸಿ ಮಾಡುತ್ತಾರೆ. ಆಪರೇಟಿಂಗ್ ಸಿಸ್ಟಂ ಎಂಬ ಬಾಬನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಯಂತ್ರದ ಭಾಗಗಳೆಲ್ಲವನ್ನೂ ನಿಯಂತ್ರಿಸಿ, ಲೆಕ್ಕಪತ್ರದ ತಂತ್ರಾಂಶಕ್ಕೆ ನೆಲೆಯೊದಗಿಸುವುದು ಅದರ ಕಾರ್ಯ. ಈ ಬಾಬಿನ ಚರಿತ್ರೆ ತಂತ್ರಜ್ಞರಿಗಿಂತ ವರ್ತಕರಿಗೇ ಹೆಚ್ಚು ಪ್ರಸ್ತುತವಾದುದು.

1980ರಲ್ಲಿ ಅಮೆರಿಕದ ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಸಣ್ಣ ಸಂಸ್ಥೆಯ ಬಳಿ ಇಂಟೆಲ್ 8086 ಚಿಪ್ಪಿನ ಯಂತ್ರ ಸಿದ್ಧವಿತ್ತು. ಅದಕ್ಕೆ ಹೊಂದುವ ಸಿಪಿ/ಎಂ ತಂತ್ರಾಂಶ ಇನ್ನೂ ಬಂದಿರಲಿಲ್ಲ. ಕಾದು ಬೇಸತ್ತು, ಅಲ್ಲಿನ ತರುಣ ಎಂಜಿನಿಯರ್ ಟಿಮ್ ಪ್ಯಾಟರ್ಸನ್ ಕೆಲವೇ ತಿಂಗಳಲ್ಲಿ ತಾನೇ ಒಂದನ್ನು ರಚಿಸಿದ. ಇದೇ ಸಮಯದಲ್ಲಿ ಐಬಿಎಂ ತನ್ನ ಹೊಸ ಪಿಸಿಗಾಗಿ ಮೈಕ್ರೋಸಾಫ್ಟನ್ನು ಕೇಳಿಕೊಂಡಿತ್ತು. ಮೈಕ್ರೋಸಾಫ್ಟಿನ ಬಳಿ ಸರಕೇ ಇರಲಿಲ್ಲ! ಅದು ಗಿರಾಕಿಯ ಹೆಸರು ಹೇಳದೆ ಸಿಯಾಟಲ್ ಸಂಸ್ಥೆಯಿಂದ ಮೊದಲು ಪರವಾನಗಿಯನ್ನೂ, 1981ರ ಜುಲೈನಲ್ಲಿ 50,000 ಡಾಲರಿಗೆ ಪೂರ್ಣ ಹಕ್ಕನ್ನೂ ಪಡೆಯಿತು. ಆಗಸ್ಟ್‌ನಲ್ಲಿ ಐಬಿಎಂ ಪಿಸಿ ಬಿಡುಗಡೆಯಾಯಿತು.

ನಿಜವಾದ ಲಾಭ ಅಡಗಿದ್ದುದು ಮಾರಾಟದ ಷರತ್ತಿನಲ್ಲಿ. ಮೈಕ್ರೋಸಾಫ್ಟ್ ಐಬಿಎಂಗೆ ಬಳಕೆಯ ಪರವಾನಗಿಯನ್ನಷ್ಟೇ ನೀಡಿ, ಇತರ ತಯಾರಕರಿಗೂ ಮಾರುವ ಹಕ್ಕನ್ನು ತನ್ನಲ್ಲೇ ಉಳಿಸಿಕೊಂಡಿತು. ಕಾಂಪ್ಯಾಕ್ ಮೊದಲಾದವರು ಐಬಿಎಂಗೆ ಹೊಂದುವ ಯಂತ್ರಗಳನ್ನು ಮಾಡತೊಡಗಿದಾಗ ಅವರೂ ಡಾಸ್‌ಗಾಗಿ ಮೈಕ್ರೋಸಾಫ್ಟಿನ ಬಾಗಿಲಿಗೇ ಬರಬೇಕಾಯಿತು. ಯಂತ್ರದ ಬೆಲೆ ಪೈಪೋಟಿಯಲ್ಲಿ ಇಳಿಯಿತು. ತಂತ್ರಾಂಶದ ವರಮಾನ ಬೆಳೆಯಿತು.

1985ರಲ್ಲಿ ಡಾಸ್‌ನ ಮೇಲೆ ಚಿತ್ರರೂಪದ ವಿಂಡೋಸ್ ಬಂದಿತು. 1995ರ ಆವೃತ್ತಿ ಮನೆಮಾತಾಯಿತು. ಬೆಂಗಳೂರಿನ ಟ್ಯಾಲಿ ಕೂಡ ಮೊದಲು ಡಾಸ್‌ನಲ್ಲಿಯೇ ನಡೆದ ತಂತ್ರಾಂಶ. 1993ರಲ್ಲಿ ಬಂದ ಎನ್‌ಟಿ ಡಾಸನ್ನು ಅವಲಂಬಿಸದ ಹೊಸ ರಚನೆ. 2001ರ ಎಕ್ಸ್‌ಪಿ ಮತ್ತು ನಂತರದ ವಿಂಡೋಸ್‌ಗಳು ಅದರ ಸಂತತಿ.

ಹಕ್ಕು ಮಾರಿದ ಸಿಯಾಟಲ್ ಸಂಸ್ಥೆಯೂ ಒಂದು ಷರತ್ತನ್ನು ಉಳಿಸಿಕೊಂಡಿತ್ತು: ತನ್ನ ಯಂತ್ರಗಳೊಂದಿಗೆ ಡಾಸನ್ನು ರಾಯಧನವಿಲ್ಲದೆ ಮಾರಬಹುದು ಎಂಬುದು. ಸಂಸ್ಥೆ ನಷ್ಟಕ್ಕಿಳಿದಾಗ ಉಳಿದಿದ್ದ ಬೆಲೆಬಾಳುವ ಆಸ್ತಿ ಆ ಷರತ್ತೇ. ಅದರ ವರ್ಗಾವಣೆಯ ಬಗ್ಗೆ ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ, 1986ರಲ್ಲಿ ಮೈಕ್ರೋಸಾಫ್ಟ್ 9,25,000 ಡಾಲರು ಕೊಟ್ಟು ರಾಜಿ ಮಾಡಿಕೊಂಡಿತು. ಇಡೀ ತಂತ್ರಾಂಶದ ಹಕ್ಕಿಗೆ ಕೊಟ್ಟ 50,000ಕ್ಕಿಂತ ಇದು ಹದಿನೆಂಟು ಪಟ್ಟು ಹೆಚ್ಚು.