ಕವೆಯೂ ಬೋದಿಗೆಯೂ

ಹೀರೆಯ ಹೂವು ಬಿಸಿಲಿಗೆ ಬಾಯಿ ಬಿಡುವುದಿಲ್ಲ. ಇಟಗಿಯ ಹಿತ್ತಲೊಂದರಲ್ಲಿ, ಎಮ್ಮೆಗಳು ಮನೆಗೆ ತಿರುಗುವ ಹೊತ್ತಿಗೆ, ಹಂದರದ ಮೇಲೆ ಒಂದೊಂದೇ ಹಳದಿ ಮೊಗ್ಗು ಬಿಚ್ಚತೊಡಗುತ್ತದೆ. ಕೆಳಗೆ ಹಸಿ ಎರೆಮಣ್ಣಿನ ವಾಸನೆ, ಅದರೊಳಗೆ ಒಲೆಯ ಹೊಗೆ. ಅಜ್ಜರೊಬ್ಬರು ಪುಂಡಿನಾರಿನ ಎಳೆಯನ್ನು ಹಲ್ಲಲ್ಲಿ ಕಚ್ಚಿ, ಸಡಿಲಾದ ಗಳವನ್ನು ಬಿಗಿಯುತ್ತಿದ್ದಾರೆ. ‘ತಂತಿ ಯಾಕ್ರಿ, ಬಿಸಲಿಗೆ ಕಾದು ಬಳ್ಳಿ ಸುಡತೈತಿ’ ಎಂದು ನಾರಿನ ಸಂದಿಯಿಂದಲೇ ಮಾತು.

ಮೊಣಕಾಲುದ್ದದ ತಗ್ಗು ತೋಡಿ, ಜಾಲಿಯ ಕಂಬ ನಿಲ್ಲಿಸಿ, ಸುತ್ತ ಕಲ್ಲು ಜಡಿದಿದ್ದಾರೆ. ಮೇಲೆ ತೊಗರಿಕಟ್ಟಿಗೆಯ ಹಾಸು. ಎತ್ತರ ಮನೆಯಾಕೆಯ ಕೈಗೆ ಎಟಕುವಷ್ಟು. ಆದರೆ ಕಂಬದ ನೆತ್ತಿಯಲ್ಲಿ ಕವಲಿರಲೇಬೇಕು. ಗಳ ಆ ಕವೆಯೊಳಗೆ ಕೂತರೆ, ಸೋರೆ ತೂಗಲಿ, ಬಳ್ಳಿ ಮಳೆಗೆ ನೆನೆದು ಜಗ್ಗಲಿ, ಭಾರ ಗಂಟಿನ ಮೇಲೆ ಬೀಳದೆ ನೇರ ನೆಲಕ್ಕಿಳಿಯುತ್ತದೆ. ಮದುವೆಗೂ ಇಲ್ಲಿ ಮೊದಲು ನೆಡುವುದು ಹಂದರಗಂಬವನ್ನೇ. ಹಳಗನ್ನಡದ ‘ಪಂದರ್’, ಪಕಾರ ಹಕಾರವಾಗಿ, ಈ ಹಂದರವಾಗಿದೆ.

ಅಲ್ಲಿಂದ ಮಹಾದೇವ ಗುಡಿಗೆ ನಡೆದು ಹೋದೆ. ಗುಡಿಯ ಮುಖ ಪೂರ್ವಕ್ಕೆ, ಹಾಗಾಗಿ ಸಂಜೆಯಾದರೆ ಶಿಖರದ ನೆರಳು ತೆರೆದ ಮಂಟಪದ ಮೇಲೆ ಒರಗುತ್ತದೆ. ಗೋಡೆಯಿಲ್ಲ, ಬಾಗಿಲಿಲ್ಲ, ಸುತ್ತ ಕಕ್ಷಾಸನ, ಬೆನ್ನೊರಗಿ ಕೂತರೆ ಹಿತವಾಗುವಷ್ಟು ಹೊರಕ್ಕೆ ಬಾಗಿದ ಕಲ್ಲು. ಹೊಲದ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೊರಬೀಳುತ್ತದೆ. ಹಿತ್ತಲ ಹಂದರದಡಿಯೂ ಇದೇ ತಂಪಿತ್ತಲ್ಲ! ಈ ಮಂಟಪಕ್ಕೆ ಮೊದಲು 68 ಕಂಬಗಳಿದ್ದವು, ಕೆಲವು ಈಗಿಲ್ಲ. ಆ 68ರಲ್ಲಿ 26 ನೆಲದಿಂದೆದ್ದು ನಡುಚಾವಣಿ ಹೊತ್ತರೆ, ಮಿಕ್ಕ ಗಿಡ್ಡ ಕಂಬಗಳು ಕಕ್ಷಾಸನದ ಮೇಲೆ ನಿಂತು ಇಳಿಜಾರು ಲೋವೆಗೆ ಹೆಗಲು ಕೊಟ್ಟಿವೆ. ಕಂಬದ ನೆತ್ತಿಯಲ್ಲಿ ತೊಲೆಯನ್ನು ಅಂಗೈಯಲ್ಲಿಟ್ಟುಕೊಂಡಂತೆ ಹೊತ್ತ ಬೋದಿಗೆ. ಅಜ್ಜರ ಕವೆಯೇ ಕಲ್ಲಾಗಿ ಕೂತಿದೆ ಎನಿಸಿತು. ಪಂಡಿತರು ಒಪ್ಪುತ್ತಾರೋ ಇಲ್ಲವೋ, ನನ್ನ ಕಣ್ಣಿಗೆ ಕಂಡದ್ದು ಇಷ್ಟು.

ಬಳಪದ ಕಲ್ಲು, ಗಣಿಯಿಂದ ಎದ್ದಾಗ ಮೆದು. ಅದಕ್ಕೇ ಕಂಬಗಳಿಗೆ ಚರಕಿಯಲ್ಲಿ ತಿರುವಿದಂಥ ನುಣುಪು. ಬೆರಳಾಡಿಸಿದರೆ ಮಾತ್ರ ತಿಳಿಯುವ ಸಣ್ಣ ಬಳೆಗಳು. ತಲೆಯೆತ್ತಿದರೆ ಬಳ್ಳಿ: ಎಲೆಯಿಂದ ಎಲೆಗೆ ಸುರುಳಿ ಸುತ್ತುತ್ತ ಹೋದ ಕಲ್ಲಿನ ಕುಡಿ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಈ ಗುಡಿಯನ್ನು ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಚಕ್ರವರ್ತಿಯ ಕಕ್ಷಾಸನಕ್ಕೆ ಒರಗಿ ಹುಡುಗರಿಬ್ಬರು ಶೇಂಗಾ ಸುಲಿಯುತ್ತಿದ್ದರು.

ಮರಳಿದಾಗ ಹಿತ್ತಲಲ್ಲಿ ಮಬ್ಬುಗತ್ತಲು. ಹೂವೆಲ್ಲ ಬಿರಿದಿದ್ದವು, ಪತಂಗಗಳು ಬಂದಿದ್ದವು. ನನ್ನ ತಲೆಗೆ ತಾಕುವಂತೆ ಒಂದು ಹೀರೆಕಾಯಿ ಜೋತಾಡುತ್ತಿತ್ತು. ಕೈ ಚಾಚಿದೆ.

‘ಹೊತ್ತು ಮುಳುಗಿದ ಮ್ಯಾಲೆ ಬಳ್ಳಿ ಮುಟ್ಟಬಾರದ್ರಿ,’ ಅಜ್ಜರು ಒಳಗಿನಿಂದ ಕೂಗಿದರು. ‘ಮುಂಜಾನೆ ಬರ್ರಿ.’