ಸಾಸಲಿನ ಒಲೆಯ ಮೇಲೆ ಲೋಕದ ಅಡುಗೆ

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿ ರಾಗಿಯ ಸೀಮೆ. ಮಳೆ ಹದವಾಗಿ ಬಿದ್ದರೆ ಒಂದು ಹೊಲದಲ್ಲಿ ರಾಗಿ, ಪಕ್ಕದಲ್ಲಿ ಮುಸುಕಿನ ಜೋಳ, ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ. ಇಲ್ಲಿನ ಮಕ್ಕಳ ಜೊತೆ ದೇಶವಿದೇಶದ ಅಡುಗೆ ಮಾಡೋಣ ಎಂದರೆ ದೊಡ್ಡವರಿಗೆ ಮೊದಲು ನೆನಪಾಗುವುದು ಬೆಂಗಳೂರಿನ ಅಂಗಡಿಯ ಪಾಸ್ತಾ ಪೊಟ್ಟಣ, ಸಾಸ್ ಬಾಟಲಿ. ಅಷ್ಟು ದೂರ ಹೋಗಬೇಕಾಗಿಲ್ಲ. ಮನೆಯ ಹಿಟ್ಟಿನ ಡಬ್ಬದಿಂದಲೇ ಶುರು ಮಾಡಬಹುದು.

ಯಾಕೆಂದರೆ ರಾಗಿಯ ತವರು ಪೂರ್ವ ಆಫ್ರಿಕಾ. ಇಥಿಯೋಪಿಯಾ, ಉಗಾಂಡಾಗಳ ಎತ್ತರದ ಸೀಮೆಯಲ್ಲಿ ಸಾವಿರಾರು ವರ್ಷಗಳ ಹಿಂದೆ ಜನ ಅದನ್ನು ಬೆಳೆಯಾಗಿ ಪಳಗಿಸಿದರು. ನಮಗೆ ಬಂದದ್ದು ಆಮೇಲೆ. ನಂಟು ಅಲ್ಲಿಗೇ ಮುಗಿಯಲಿಲ್ಲ. ರಾಗಿ ತಜ್ಞ ಲಕ್ಷ್ಮಣಯ್ಯನವರು ಭಾರತದ ತಳಿಗಳ ಜೊತೆ ಆಫ್ರಿಕಾದ ತಳಿಗಳನ್ನು ಕೂಡಿಸಿ ಇಂಡಾಫ್ ರಾಗಿ ರೂಪಿಸಿದರು. 1970ರ ದಶಕದಿಂದ ಅದು ಕರ್ನಾಟಕದ ಹೊಲಗಳಲ್ಲಿ ಇಳುವರಿ ಏರಿಸಿತು. ಆಫ್ರಿಕಾ ಎಲ್ಲಿದೆ ಎಂದು ಮಗು ಕೇಳಿದರೆ ಭೂಪಟದ ಜೊತೆ ತಟ್ಟೆಯನ್ನೂ ತೋರಿಸಬಹುದು.

ಹಾಗಾಗಿ ಮೊದಲ ಪಾಠ ಕೀನ್ಯಾ, ತಾಂಜಾನಿಯಾಗಳ ಉಗಾಲಿ. ಅದು ಹೆಚ್ಚಾಗಿ ಬಿಳಿ ಮುಸುಕಿನ ಜೋಳದ ಹಿಟ್ಟಿನದು. ನಮ್ಮಲ್ಲಿ ಸಿಗುವ ಹಳದಿ ಜೋಳವನ್ನೇ ಗಿರಣಿಯಲ್ಲಿ ನುಣ್ಣಗೆ ಬೀಸಿಸಿಕೊಂಡರೂ ಆದೀತು. ಎರಡು ಲೋಟ ಎಸರು ಕುದಿ ಬಂದ ಮೇಲೆ ಸುಮಾರು ಒಂದೂವರೆ ಲೋಟ ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಸುರಿದು, ಚಪ್ಪಟೆ ಮರದ ಸೌಟಿನಿಂದ ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ತೊಳಸಬೇಕು. ಹಸಿ ಹಿಟ್ಟಿನ ವಾಸನೆ ಹೋಗಿ, ಮುದ್ದೆ ಪಾತ್ರೆಯ ಅಂಚು ಬಿಟ್ಟುಕೊಂಡಾಗ ಹದ. ಅಜ್ಜಿ ಮುದ್ದೆ ಕೋಲು ಹಿಡಿದು ರಾಗಿ ಹಿಟ್ಟು ತೊಳಸುವುದನ್ನು ದಿನವೂ ನೋಡಿದ ಮಗುವಿಗೆ ಈ ಹದ ಹೇಳಿಕೊಡಬೇಕಾಗಿಯೇ ಇಲ್ಲ.

ವ್ಯತ್ಯಾಸವಿರುವುದು ತಿನ್ನುವ ಬಗೆಯಲ್ಲಿ. ನಾವು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುತ್ತೇವೆ. ಅಲ್ಲಿಯವರು ತುತ್ತನ್ನು ಅಂಗೈಯಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿ ಒತ್ತಿ, ಆ ಗುಳಿಯಲ್ಲಿ ಪಲ್ಯ ತುಂಬಿಕೊಳ್ಳುತ್ತಾರೆ. ಪಲ್ಯ ಎಂದರೆ ಸುಕುಮಾ ವಿಕಿ: ಈರುಳ್ಳಿ, ಟೊಮೆಟೊ ಬಾಡಿಸಿ, ಕೋಸಿನ ಜಾತಿಯ ಸೊಪ್ಪು ಹಾಕಿದ್ದು. ನಾವು ಬಿಸಾಡುವ ನವಿಲುಕೋಸಿನ ಎಲೆ ಅದಕ್ಕೆ ಚೆನ್ನಾಗಿ ಹೊಂದುತ್ತದೆ.

ಶಾಲೆಗಳಲ್ಲಿ ನಡೆಯುವ ‘ಬೆಂಕಿಯಿಲ್ಲದ ಅಡುಗೆ’ ಸ್ಪರ್ಧೆಗೆ ಮೆಕ್ಸಿಕೋದ ಗ್ವಾಕಮೋಲೆ ಹೇಳಿ ಮಾಡಿಸಿದಂತಿದೆ. ಮಾಗಿದ ಬೆಣ್ಣೆಹಣ್ಣನ್ನು ಕಿವುಚಿ ಟೊಮೆಟೊ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ನಿಂಬೆರಸ, ಉಪ್ಪು ಬೆರೆಸಿದರೆ ಮುಗಿಯಿತು. ಇಲ್ಲೇ ಚರಿತ್ರೆಯ ಪಾಠವೂ ಇದೆ. ಬೆಣ್ಣೆಹಣ್ಣು, ಟೊಮೆಟೊ, ಮೆಣಸಿನಕಾಯಿ ಅಮೆರಿಕ ಖಂಡದವು; ಈರುಳ್ಳಿ, ಕೊತ್ತಂಬರಿ, ನಿಂಬೆಯನ್ನು ಅಲ್ಲಿಗೆ ಒಯ್ದವರು ಸ್ಪೇನ್‌ನವರು. ಮೆಣಸಿನಕಾಯಿ ನಮಗೆ ಸಿಕ್ಕಿದ್ದು 16ನೇ ಶತಮಾನದಲ್ಲಿ, ಪೋರ್ಚುಗೀಸರ ಹಡಗುಗಳಿಂದ. ಅದಕ್ಕೂ ಮುಂಚೆ ನಮ್ಮ ಸಾರಿಗೆ ಖಾರ ಕೊಡುತ್ತಿದ್ದುದು ಕರಿಮೆಣಸು ಎಂದರೆ ಮಕ್ಕಳು ಕಣ್ಣರಳಿಸುತ್ತಾರೆ.

ಸುತ್ತಲ ಊರುಗಳೂ ಒಂದೊಂದು ದೇಶಕ್ಕೆ ದಾರಿ ತೋರಿಸುತ್ತವೆ. ಭೌಗೋಳಿಕ ಸೂಚಕ ಪಡೆದ ದೇವನಹಳ್ಳಿ ಚಕ್ಕೋತದ ಮೂಲ ಆಗ್ನೇಯ ಏಷ್ಯಾ. ಅದರ ತೊಳೆ ಬಿಡಿಸಿ, ಹುರಿದ ಕಡಲೆಕಾಯಿ ಬೀಜ, ಬೆಲ್ಲ, ನಿಂಬೆರಸ ಸೇರಿಸಿದರೆ ಥಾಯ್ಲೆಂಡಿನ ಕೋಸಂಬರಿಗೆ ಹತ್ತಿರ ಬರುತ್ತದೆ. ತೂಬಗೆರೆ ಹಲಸಿಗೆ ಹೆಸರಾದ ಊರು. ಎಳೆ ಹಲಸನ್ನು ತೆಂಗಿನಹಾಲು, ಬೆಲ್ಲ, ಬೆಳ್ಳುಳ್ಳಿ, ಧನಿಯದ ಜೊತೆ ಗಂಟೆಗಟ್ಟಲೆ ಬೇಯಿಸಿದರೆ ಇಂಡೋನೇಷ್ಯಾದ ಯೋಗ್ಯಕರ್ತದ ಹೆಮ್ಮೆಯ ಅಡುಗೆ ಗುಡೆಗ್.

ಅಡುಗೆಯನ್ನು ಓದಿನ ಭಾಗವೆಂದೇ ತಿಳಿದ ದೇಶಗಳಿವೆ. ಫಿನ್‌ಲೆಂಡಿನಲ್ಲಿ 7ನೇ ತರಗತಿಯ ಹುಡುಗ, ಹುಡುಗಿ ಇಬ್ಬರಿಗೂ ಗೃಹವಿಜ್ಞಾನ ಕಡ್ಡಾಯ. ಜಪಾನ್ 2005ರಲ್ಲಿ ಆಹಾರ ಶಿಕ್ಷಣಕ್ಕೆಂದೇ ಕಾನೂನು ಮಾಡಿತು. ಅಲ್ಲಿ ಮಕ್ಕಳೇ ಸರದಿಯಂತೆ ತರಗತಿಯಲ್ಲಿ ಊಟ ಬಡಿಸುತ್ತಾರೆ. ನಮ್ಮ ಶಾಲೆಗಳ ಮಕ್ಕಳ ಸಂತೆಯಲ್ಲಿ ಸೊಪ್ಪು, ತರಕಾರಿ ಮಾರಿ ಲೆಕ್ಕ ಕಲಿಯುವ ಮಕ್ಕಳಿಗೆ ಇದು ಮುಂದಿನ ಹೆಜ್ಜೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯವರಿಗೆ ಹತ್ತು ಬ್ಯಾಗ್‌ರಹಿತ ದಿನಗಳನ್ನು ಹೇಳಿದೆ. ಅದರಲ್ಲಿ ಒಂದು ದಿನ ಅಡುಗೆಗಿರಲಿ.

ಕೆಲಸ ಹಂಚುವಾಗ ವಯಸ್ಸು ನೋಡಬೇಕು. ಐದಾರು ವರ್ಷದವರಿಗೆ ಸೊಪ್ಪು ಬಿಡಿಸುವುದು, ತೊಳೆಯುವುದು, ಬೆಳ್ಳುಳ್ಳಿ ಸುಲಿಯುವುದು, ಹಣ್ಣು ಕಿವುಚುವುದು. ಎಂಟೊಂಬತ್ತಕ್ಕೆ ಚಿಕ್ಕ ಚಾಕುವಿನಿಂದ ಮೆತ್ತಗಿನ ತರಕಾರಿ ಹೆಚ್ಚುವುದು. ಈಳಿಗೆಮಣೆ ದೂರವಿರಲಿ. ಹತ್ತು ದಾಟಿದವರು ಒಲೆಯ ಮುಂದೆ ನಿಲ್ಲಬಹುದು, ದೊಡ್ಡವರು ಪಕ್ಕದಲ್ಲಿದ್ದರೆ ಮಾತ್ರ. ಗಂಡುಮಕ್ಕಳಿಗೂ ಪಾತ್ರೆ ತೊಳೆಯುವ ಪಾಳಿ ತಪ್ಪಬಾರದು. ಮಾಡಿದ್ದನ್ನು ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು. ಹಿಡಿಸಲಿಲ್ಲ ಎನ್ನಬಹುದು, ‘ಥೂ’ ಎನ್ನಬಾರದು.

ಆ ಕೊನೆಯ ನಿಯಮವೇ ಈ ಅಭ್ಯಾಸದ ತಿರುಳು. ಮುದ್ದೆ ಬಡವರ ಊಟವೆಂಬ ಅಸಡ್ಡೆ ನಮ್ಮಲ್ಲಿ ಬಹುಕಾಲ ಇತ್ತು. ಊಟ ನೋಡಿ ಜನರನ್ನು ಅಳೆಯುವ ಚಾಳಿ ಈಗಲೂ ಇದೆ. ಕೀನ್ಯಾದ ಮಗು ಉಣ್ಣುವುದನ್ನು ತನ್ನ ಕೈಯಾರೆ ಮಾಡಿ ಉಂಡ ಮಗು ಪಕ್ಕದವನ ಡಬ್ಬಿ ನೋಡಿ ಮೂಗು ಮುರಿಯುವುದು ಕಷ್ಟ, ತನ್ನ ಡಬ್ಬಿಯನ್ನು ಮುಚ್ಚಿಡುವುದೂ ಕಷ್ಟ. ಭಾನುವಾರದ ಎರಡು ಗಂಟೆ ಇದಕ್ಕೆ ಕೊಡಿ.